ತೋಳಿಗೆ ಅಂಟಿಸುವ ಶುಗರ್ ಸೆನ್ಸರ್: ಒಂದು ಸಲ ಸರಿ, ತಿಂಗಳು ತಿಂಗಳು ಯಾಕೆ?

ಬಾರ್ಡರ್‌ಲೈನ್ ಶುಗರ್ ಅಂತ ಡಾಕ್ಟರ್ ಹೇಳಿದ್ದಾರಾ? ಐದು ಸಾವಿರದ ಆಸುಪಾಸು ಖರ್ಚು ಮಾಡಿದರೆ ತಿಂಗಳ ಲೆಕ್ಕ ಏರುಪೇರಾಗಲ್ಲ ಅನ್ನುವ ಹಾಗಿದೆಯಾ? ಹಾಗಿದ್ದರೆ ತೋಳಿಗೆ ಅಂಟಿಕೊಂಡು ಹಗಲೂ ರಾತ್ರಿ ಶುಗರ್ ಹೇಳುವ ಈ ಸೆನ್ಸರ್ ಒಂದು ಸಲ ಹಾಕಿಕೊಳ್ಳಿ. ಅವಧಿ ಮುಗಿದ ಮೇಲೆ ಕಿತ್ತು ಬಿಸಾಕಿ, ಅಷ್ಟೇ. ಆರು ತಿಂಗಳ ಪ್ಯಾಕೇಜು, ವರ್ಷದ ಪ್ಯಾಕೇಜು ಅಂತ ಫೋನ್ ಮಾಡುವವರಿಗೆ ಯಾಕೆ ಬೇಡ ಅನ್ನಬೇಕು ಅಂತ ಕೆಳಗೆ ಉದ್ದಕ್ಕೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ದುಡ್ಡು ಕೊಟ್ಟು ಕೊಂಡವಳು, ಇದರ ಬಗ್ಗೆ ಬಂದಿರುವ ಸಂಶೋಧನೆಗಳನ್ನು ಹುಡುಕಿ ಹುಡುಕಿ ಓದಿದವಳು. ಕಂಪನಿ ಹೆಸರು ಬರೆಯಲ್ಲ. ನಾನು ಹೇಳೋದು ಹೆಚ್ಚುಕಡಿಮೆ ಈ ಜಾತಿಯ ಎಲ್ಲಾ ಸೆನ್ಸರ್‌ಗಳಿಗೂ ಸಲ್ಲುತ್ತದೆ.

ನನ್ನ ಕಥೆ ಚುಟುಕಾಗಿ ಹೇಳುತ್ತೇನೆ. ಮೈಸೂರು, ವಯಸ್ಸು ನಲವತ್ತೈದರ ಮೇಲೆ, ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ, ಅಪ್ಪನಿಗೆ ಶುಗರ್. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.9 ಬಂತು. 5.7ರಿಂದ 6.4ರವರೆಗೆ ಬಂದರೆ ಬಾರ್ಡರ್‌ಲೈನ್, 6.5 ಮುಟ್ಟಿದರೆ ಶುಗರ್ ಕಾಯಿಲೆ. ರಿಪೋರ್ಟ್ ನೋಡಿದವರೆಲ್ಲ ಒಂದೇ ಮಾತು ಹೇಳಿದರು: "ನೀನು ದಪ್ಪಾನೇ ಇಲ್ವಲ್ಲೇ, ನಿನಗೆಂಥ ಶುಗರ್?" ನಮ್ಮತ್ತೆಯವರಂತೂ ಲ್ಯಾಬ್‌ನವರೇ ಬಾಟಲಿ ಅದಲುಬದಲು ಮಾಡಿದ್ದಾರೆ ಅಂತ ಇವತ್ತಿಗೂ ನಂಬಿದ್ದಾರೆ.

ದಪ್ಪ ಇಲ್ಲದಿದ್ದರೂ ಬರುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್‌ನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2 ಶೇಕಡಾ. ಹೊರಗಿನಿಂದ ಇಬ್ಬರೂ ತೆಳ್ಳಗೇ ಕಾಣುತ್ತಾರೆ. ನಮ್ಮವರ ಮೈ ಹೀಗೆ. ಕೈಕಾಲು ಸಣ್ಣ, ಕೊಬ್ಬೆಲ್ಲ ಹೊಟ್ಟೆ ಸುತ್ತ, ಮಾಂಸಖಂಡ ಕಡಿಮೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ದೇಶದ ಎಲ್ಲಾ ರಾಜ್ಯ ಸುತ್ತಿ 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಲೆಕ್ಕ ಕೊಟ್ಟಾಗ ಶುಗರ್ ಇರುವವರು ಸುಮಾರು 10.1 ಕೋಟಿ, ಬಾರ್ಡರ್‌ಲೈನ್‌ನವರು ಸುಮಾರು 13.6 ಕೋಟಿ ಅಂತ ಬಂತು. ಈ 13.6 ಕೋಟಿಯ ಮೇಲೆ ಸೆನ್ಸರ್ ಮಾರುವವರ ಕಣ್ಣು ಬೀಳದೇ ಇರುತ್ತಾ?

ಸರಿ, ವಸ್ತುವಿನ ವಿಷಯಕ್ಕೆ ಬರೋಣ. ಡಬ್ಬಿಯೊಳಗೆ ಒಂದು ಪ್ಲಾಸ್ಟಿಕ್ ಲೋಟದಂಥದ್ದು ಇರುತ್ತದೆ, ಅದರೊಳಗೆ ದೊಡ್ಡ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆ. ತೋಳಿನ ಹಿಂಭಾಗವನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಲೋಟವನ್ನು ಇಟ್ಟು ಒತ್ತಬೇಕು. ಟಪ್ ಅಂತ ಸದ್ದು. ಸದ್ದಿಗೇ ಬೆಚ್ಚಿಬೀಳೋದು, ನೋವು ನಿಜಕ್ಕೂ ಇಲ್ಲ. ಸೂಜಿ ಒಳಗೆ ಹೋಗಿ ವಾಪಸ್ ಬರುತ್ತದೆ, ಚರ್ಮದ ಕೆಳಗೆ ಉಳಿಯೋದು ಕೂದಲಿನಂಥ ಒಂದು ಎಳೆ, ಸುಮಾರು 5 ಮಿಲಿಮೀಟರ್ ಉದ್ದ. ಒಂದು ಗಂಟೆ ಕಾದರೆ ಫೋನ್‌ನಲ್ಲಿ ನಂಬರ್ ಬರಲು ಶುರು. ಹದಿನಾಲ್ಕು ದಿನ ನಡೆಯುತ್ತದೆ, ಆಮೇಲೆ ತಾನೇ ನಿಲ್ಲುತ್ತದೆ. ಸ್ನಾನಕ್ಕೆ ತೊಂದರೆ ಇಲ್ಲ. ತೊಂದರೆ ಕೊಟ್ಟಿದ್ದು ರವಿಕೆ. ಬಿಗಿ ತೋಳಿನ ರವಿಕೆ ಹಾಕುವಾಗ ಬಿಲ್ಲೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಜೋರಾಗಿ ಎಳೆದರೆ ಐದು ಸಾವಿರ ಕೈಗೆ ಬರುತ್ತದೆ. ಸೆನ್ಸರ್ ಇರುವಷ್ಟು ದಿನ ಸಡಿಲ ತೋಳಿನ ಕುರ್ತಾನೇ ಗತಿ. ಬಾಗಿಲ ಚೌಕಟ್ಟಿಗೆ ತೋಳು ತಾಗಿಸಿಕೊಂಡು ಓಡಾಡುವ ಅಭ್ಯಾಸ ಇರುವವರು ಮೇಲೊಂದು ಪಟ್ಟಿ ಅಂಟಿಸಿಕೊಳ್ಳೋದು ಒಳ್ಳೆಯದು.

ಒಳಗೆ ನಡೆಯುವ ಕೆಲಸ ನನಗಂತೂ ಬಹಳ ಇಷ್ಟವಾಯಿತು. ಆ ಎಳೆಯ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಕಿಣ್ವ ಬಳಿದಿರುತ್ತಾರೆ. ಸಾಮಾನ್ಯವಾಗಿ ಇದನ್ನು ತೆಗೆಯೋದು ಒಂದು ಜಾತಿಯ ಕಪ್ಪು ಬೂಷ್ಟಿನಿಂದ. ಗ್ಲೂಕೋಸ್ ಸಿಕ್ಕರೆ ಈ ಕಿಣ್ವ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಅದು ಚೂರು ವಿದ್ಯುತ್ತಾಗಿ ಹರಿಯುತ್ತದೆ, ಕರೆಂಟ್ ಜಾಸ್ತಿ ಇದ್ದರೆ ಶುಗರ್ ಜಾಸ್ತಿ. ಕಿಣ್ವವನ್ನೂ ಎಲೆಕ್ಟ್ರೋಡನ್ನೂ ಹೀಗೆ ಜೋಡಿಸುವ ಉಪಾಯವನ್ನು ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ 1962ರಲ್ಲೇ ಹೇಳಿದ್ದರು. ಬೆರಳು ಚುಚ್ಚದೆ ತೋಳಿನ ಮೇಲೆ ಎರಡು ವಾರ ಕೂರುವ ಬಿಲ್ಲೆಯಾಗಿ ಅದು ಅಂಗಡಿಗೆ ಬರಲು ಅಲ್ಲಿಂದ ಐವತ್ತು ವರ್ಷದ ಮೇಲಾಯಿತು.

ಆದರೆ ಒಂದು ವಿಷಯ ತಲೆಯಲ್ಲಿರಲಿ. ಇದು ಅಳೆಯೋದು ರಕ್ತವನ್ನಲ್ಲ. ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ನೀರನ್ನು. ನಾಲೆಗೆ ನೀರು ಬಿಟ್ಟ ತಕ್ಷಣ ಕೊನೆಯ ಗದ್ದೆಗೆ ಬರಲ್ಲ ಅಲ್ವಾ, ಹಾಗೇ ರಕ್ತದಲ್ಲಿ ಶುಗರ್ ಏರಿದ ಮೇಲೆ ಈ ನೀರಿಗೆ ಬರಲು 5ರಿಂದ 15 ನಿಮಿಷ ಹಿಡಿಯುತ್ತದೆ. ಊಟ ಆದ ಮೇಲೆ ಶುಗರ್ ಜೋರಾಗಿ ಏರುತ್ತಿರುವಾಗ ಸೆನ್ಸರ್ ಹೇಳೋದು ಸ್ವಲ್ಪ ಹಳೇ ಸುದ್ದಿ. ಇದರ ಜೊತೆಗೆ ಅಳತೆಯ ತಪ್ಪೂ ಇದೆ. ಒಳ್ಳೆಯ ಸೆನ್ಸರ್‌ಗಳಲ್ಲೂ ಲ್ಯಾಬ್ ನಂಬರಿಗೂ ಇದಕ್ಕೂ ಸರಾಸರಿ ಶೇಕಡಾ 8ರಿಂದ 10ರಷ್ಟು ವ್ಯತ್ಯಾಸ ಬರುತ್ತದೆ. ಸರಾಸರಿ ಅಂದೆ, ಒಂದೊಂದು ಸಲ ಇದಕ್ಕಿಂತ ಜಾಸ್ತಿನೂ ಇರುತ್ತದೆ. ಅದರಲ್ಲೂ ಮೊದಲ ದಿನದ ನಂಬರ್‌ಗಳನ್ನು ಸುಮ್ನೆ ನೋಡಿ ಬಿಟ್ಟುಬಿಡಿ. ಗಾಯ ಆದ ಜಾಗ ಇನ್ನೂ ಸಮಾಧಾನಕ್ಕೆ ಬಂದಿರೋದಿಲ್ಲ.

ರಾತ್ರಿಯ ಅಲಾರಂ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಮಧ್ಯರಾತ್ರಿ ಕಳೆದು ಎಷ್ಟೋ ಹೊತ್ತಿಗೆ ಫೋನ್ ಕಿರುಚಿಕೊಂಡಿತು. ಶುಗರ್ 54, ಕೆಳಗೆ ಕೆಂಪು ಬಾಣ. ನಮ್ಮ ಯಜಮಾನರು ಎದ್ದವರೇ ಅಡುಗೆಮನೆಗೆ ಓಡಿ ಸಕ್ಕರೆ ನೀರು ಕದಡಿಕೊಂಡು ಬಂದರು. ನನಗೆ ನಡುಕವಿಲ್ಲ, ಬೆವರಿಲ್ಲ, ಬರೀ ನಿದ್ದೆ. ಅಪ್ಪನ ಹಳೇ ಗ್ಲೂಕೋಮೀಟರ್ ತೆಗೆದು ಬೆರಳು ಚುಚ್ಚಿ ನೋಡಿದರೆ 92! ಎಡಗಡೆ ಮಗ್ಗುಲಾಗಿ ಸೆನ್ಸರ್ ಇದ್ದ ತೋಳಿನ ಮೇಲೇ ಮಲಗಿದ್ದೆ. ಭಾರ ಬಿದ್ದಾಗ ಆ ಜಾಗದಲ್ಲಿ ನೀರಿನ ಓಡಾಟ ಕಡಿಮೆಯಾಗುತ್ತದೆ, ಸೆನ್ಸರ್ ಶುಗರ್ ಕುಸಿಯಿತು ಅಂದುಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ದೋಷವಂತೆ. ಎಲ್ಲರಿಗೂ ಅಂದರೆ ಡಾಕ್ಟರುಗಳಿಗೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಬಾರದಿತ್ತಾ? ನೀವು ಯಾವ ಮಗ್ಗುಲಿಗೆ ಮಲಗುತ್ತೀರೋ ನೋಡಿಕೊಂಡು ಆಚೆ ಕಡೆ ತೋಳಿಗೆ ಹಾಕಿಸಿ. ಶುಗರ್ ಇಳಿಸುವ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಮಾತ್ರ ಇಂಥ ಅಲಾರಂ ಬಂದಾಗ ಉಡಾಫೆ ಮಾಡಬೇಡಿ, ಬೆರಳು ಚುಚ್ಚಿ ಖಾತ್ರಿ ಮಾಡಿಕೊಳ್ಳಿ.

ಇನ್ನು ಊಟ. ಇದನ್ನು ಕೊಳ್ಳೋದೇ ಅದಕ್ಕೆ ತಾನೆ.

ಶುರುವಿನ ದಿನಗಳು ನಿಜಕ್ಕೂ ಕಣ್ಣು ತೆರೆಸಿದವು. ಬಿಳಿ ಅನ್ನ, ತಿಳಿಸಾರು, ಹಪ್ಪಳ ಅಂತ ಭಾನುವಾರದ ಸೋಮಾರಿ ಊಟ ಮಾಡಿದ ದಿನ ಫೋನ್ ಗ್ರಾಫ್‌ನಲ್ಲಿ ಶುಗರಿನ ಗೆರೆ 182ಕ್ಕೆ ಹೋಯಿತು. ಮುದ್ದೆ ಬಸ್ಸಾರಿನ ದಿನ 160ರ ಹತ್ತಿರ ನಿಂತಿತು. ಮುದ್ದೆ ಗೆದ್ದಿತು ಅಂತ ನಮ್ಮತ್ತೆಯವರು ಬೀಗಿದರು, ಮಾರನೇ ದಿನ ಅವರೇ ಒತ್ತಾಯ ಮಾಡಿ ಇನ್ನೊಂದು ಮುದ್ದೆ ಹಾಕಿದರು, ಗೆರೆ ಅನ್ನದ ಮಟ್ಟಕ್ಕೇ ಬಂತು. ಇದರಲ್ಲಿ ಆಶ್ಚರ್ಯವಿಲ್ಲ. ಸಿರಿಧಾನ್ಯ ಶುಗರ್‌ಗೆ ಒಳ್ಳೆಯದು ಅನ್ನೋದಕ್ಕೆ ಆಧಾರ ಇದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಎಸ್. ಅನಿತಾ ಮತ್ತು ಜೊತೆಯವರು 11 ದೇಶಗಳ 80 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಲೆಕ್ಕ ಹಾಕಿದಾಗ ಸಿರಿಧಾನ್ಯಗಳ ಸರಾಸರಿ ಗ್ಲೈಸೆಮಿಕ್ ಸೂಚ್ಯಂಕ (ತಿಂದದ್ದು ಶುಗರನ್ನು ಎಷ್ಟು ಏರಿಸುತ್ತದೆ ಅಂತ ಹೇಳುವ ಅಂಕ) 52.7 ಬಂತು, ಪಾಲಿಶ್ ಅಕ್ಕಿಯದು 71.7. ಆದರೆ ಈ ಸೂಚ್ಯಂಕ ಅಳೆಯೋದು ಎಲ್ಲರಿಗೂ ಒಂದೇ ತೂಕದ ಪಿಷ್ಟ ಕೊಟ್ಟು, ಸಾಮಾನ್ಯವಾಗಿ 50 ಗ್ರಾಂ. ನಮ್ಮ ಕಡೆ ಮುದ್ದೆಗೆ ಗ್ರಾಂ ಲೆಕ್ಕ ಎಲ್ಲಿದೆ? ಕೈಗೆ ಬಂದಷ್ಟು ದೊಡ್ಡದು. ರಾಗಿ ಅಂದ ಮಾತ್ರಕ್ಕೆ ಎರಡು ಮುದ್ದೆ ಇಳಿಸಬಹುದು ಅಂದುಕೊಂಡಿರುವವರು ಇದನ್ನು ಒಂದು ಸಲ ತೋಳಿಗೆ ಹಾಕಿಕೊಂಡು ನೋಡಲೇಬೇಕು.

ಇಲ್ಲಿಯವರೆಗೆ ಖುಷಿ. ಆಮೇಲೆ ಇಡ್ಲಿ ಬಂತು.

ಒಂದೇ ಹಿಟ್ಟು, ಅದೇ ತಟ್ಟೆ, ಅಷ್ಟೇ ಇಡ್ಲಿ, ಅದೇ ಕಾಯಿ ಚಟ್ನಿ. ಒಂದು ಬೆಳಿಗ್ಗೆ 176, ಇನ್ನೊಂದು ಬೆಳಿಗ್ಗೆ 141. ಇದರಲ್ಲಿ ಯಾವುದು ನನ್ನ ಇಡ್ಲಿ? 176 ನೋಡಿದ ದಿನ ಆ್ಯಪ್ ಕೆಂಪು ಬಣ್ಣ ತೋರಿಸಿ "ಇದನ್ನು ಕಡಿಮೆ ಮಾಡಿ" ಅಂತು. 141ರ ದಿನ ಹಸಿರು ಬಣ್ಣದಲ್ಲಿ ಶಹಬ್ಬಾಸ್‌ಗಿರಿ. ಆ್ಯಪ್‌ಗೆ ನಾಚಿಕೆ ಇಲ್ಲ.

ಇದಕ್ಕೆ ಹಿನ್ನೆಲೆ ಬೇಕು ಅಂದರೆ 2015ಕ್ಕೆ ಹೋಗಬೇಕು. ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯ ಎರಾನ್ ಸೆಗಾಲ್, ಎರಾನ್ ಎಲಿನಾವ್ ತಂಡ 800 ಜನರಿಗೆ ಇಂಥ ಸೆನ್ಸರ್ ಹಾಕಿ 46,898 ಊಟಗಳನ್ನು ದಾಖಲಿಸಿತು. ಒಂದೇ ತಿಂಡಿಗೆ ಒಬ್ಬೊಬ್ಬರ ಮೈ ಒಂದೊಂದು ಥರ ಸ್ಪಂದಿಸುತ್ತದೆ ಅಂತ ತೋರಿಸಿತು. ಒಬ್ಬರಿಗೆ ಬಾಳೆಹಣ್ಣು ತಿಂದರೆ ಶುಗರ್ ಏರುತ್ತದೆ, ಬಿಸ್ಕತ್ತು ತಿಂದರೆ ಏರಲ್ಲ, ಇನ್ನೊಬ್ಬರಿಗೆ ಇದರ ಉಲ್ಟಾ. ದೊಡ್ಡ ಸುದ್ದಿಯಾಯಿತು. "ನಿಮ್ಮ ಮೈಗೆ ತಕ್ಕ ಊಟ" ಅನ್ನುವ ವ್ಯಾಪಾರ ಬೆಳೆದಿದ್ದು ಇಂಥ ಕೆಲಸದ ಬಲದ ಮೇಲೆ. ಇವತ್ತು ನಮಗೆ ಫೋನ್ ಮಾಡಿ ಪ್ಯಾಕೇಜ್ ಮಾರುವವರು ಹೇಳೋದೂ ಇದನ್ನೇ.

ಅವರು ಹೇಳದೇ ಬಿಡೋದು ಆಮೇಲಿನ ಸಂಶೋಧನೆಯನ್ನು. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಕೆವಿನ್ ಹಾಲ್ ತಂಡ 2020ರಲ್ಲಿ ಒಬ್ಬರ ಮೈಮೇಲೇ ಎರಡು ಕಂಪನಿಯ ಸೆನ್ಸರ್ ಒಟ್ಟಿಗೆ ಹಾಕಿ ನೋಡಿತು. ಯಾವ ಊಟ ಒಳ್ಳೆಯದು, ಯಾವುದು ಕೆಟ್ಟದ್ದು ಅನ್ನುವ ಸಾಲನ್ನು ಒಂದು ಸೆನ್ಸರ್ ಒಂದು ಥರ ಕೊಟ್ಟರೆ ಇನ್ನೊಂದು ಬೇರೆ ಥರ ಕೊಟ್ಟಿತು. ಅದೇ ಸಂಸ್ಥೆಯಿಂದ 2025ರಲ್ಲಿ ಬಂದ ಅಧ್ಯಯನ ನನ್ನ ಇಡ್ಲಿ ಸಮಸ್ಯೆಯನ್ನೇ ಕೈಗೆತ್ತಿಕೊಂಡಿದೆ. ಶುಗರ್ ಕಾಯಿಲೆ ಇಲ್ಲದವರನ್ನು ಸಂಸ್ಥೆಯಲ್ಲೇ ಉಳಿಸಿಕೊಂಡು, ತೂಕ ಮಾಡಿದ ಊಟ ಕೊಟ್ಟು, ಸುಮಾರು ಒಂದು ವಾರ ಬಿಟ್ಟು ಅದೇ ಊಟವನ್ನು ಮತ್ತೆ ಕೊಟ್ಟರು. ಅದೇ ವ್ಯಕ್ತಿ, ಅದೇ ಊಟ, ಆದರೂ ಗೆರೆ ಬೇರೆ. ಒಬ್ಬರಿಂದ ಇನ್ನೊಬ್ಬರಿಗೆ ಎಷ್ಟು ವ್ಯತ್ಯಾಸ ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ ಒಬ್ಬರಲ್ಲೇ ಬಂತು. ಅಂದರೆ ಒಂದು ದಿನ ದೋಸೆ ತಿಂದು ಗೆರೆ ಏರಿತು ಅಂತ "ನನಗೆ ದೋಸೆ ಆಗಲ್ಲ" ಅನ್ನುವ ತೀರ್ಮಾನಕ್ಕೆ ಅರ್ಥವಿಲ್ಲ. ನಿಮಗೆ ದೋಸೆ ಆಗದಿರಬಹುದು, ಆದರೆ ಅದನ್ನು ಒಂದು ಗೆರೆ ಹೇಳಲಾರದು. ಹಿಂದಿನ ರಾತ್ರಿಯ ನಿದ್ದೆ, ಟೆನ್ಷನ್, ಬೆಳಿಗ್ಗೆ ಎಷ್ಟು ಓಡಾಡಿದಿರಿ, ರಾತ್ರಿ ಏನು ತಿಂದಿದ್ದಿರಿ, ಎಲ್ಲವೂ ಆ ಗೆರೆಯಲ್ಲಿ ಕಲಸಿಕೊಂಡಿರುತ್ತದೆ.

ಬ್ರಿಟನ್‌ನ ಬಾತ್ ವಿಶ್ವವಿದ್ಯಾಲಯದವರದೂ 2025ರಲ್ಲೇ ಒಂದು ಅಧ್ಯಯನ ಬಂತು. ಆರೋಗ್ಯವಂತರಿಗೆ ಇಡೀ ಹಣ್ಣು, ಹಣ್ಣಿನ ಸ್ಮೂದಿ ಕೊಟ್ಟು ಸೆನ್ಸರ್ ನಂಬರನ್ನು ಬೆರಳು ಚುಚ್ಚಿದ ನಂಬರಿನ ಜೊತೆ ಹೋಲಿಸಿದರು. ಸೆನ್ಸರ್ ಶುಗರನ್ನು ಇರೋದಕ್ಕಿಂತ ಜಾಸ್ತಿ ತೋರಿಸುತ್ತಿತ್ತು. ಸ್ಮೂದಿ ಕಡಿಮೆ ಸೂಚ್ಯಂಕದ ಗುಂಪಿಗೆ ಸೇರಬೇಕಿದ್ದು ಸೆನ್ಸರ್ ಲೆಕ್ಕದಲ್ಲಿ ಮಧ್ಯಮ ಗುಂಪಿಗೆ ಹೋಗಿ ಕೂತಿತು. ಇದನ್ನು ಓದಿದ ಮೇಲೆ ನನಗೆ ಕೋಪ ಬಂದಿದ್ದು ಆ್ಯಪ್‌ನ ಬಣ್ಣಗಳ ಮೇಲೆ. ನಂಬರಿನಲ್ಲೇ ಇಷ್ಟು ಸಂದೇಹ ಇರುವಾಗ ಹಣ್ಣಿಗೆ ಕೆಂಪು ಬಳಿದು ಜನರನ್ನು ಹೆದರಿಸೋದು ಯಾವ ನ್ಯಾಯ? ನನಗೆ ಗೊತ್ತಿರುವವರೊಬ್ಬರು ಹೀಗೇ ಬಾಳೆಹಣ್ಣು, ಪಪ್ಪಾಯಿ, ಕಿತ್ತಳೆ ಎಲ್ಲ ಬಿಟ್ಟು, ಗೆರೆ ಏರಲ್ಲ ಅಂತ ಹೇಳಿ ಬೆಣ್ಣೆ ಮುರುಕು ತಿನ್ನುತ್ತಿದ್ದರು. ಜಿಡ್ಡು ಜಾಸ್ತಿ ಇದ್ದರೆ ಗೆರೆ ನಿಧಾನಕ್ಕೆ ಏರುತ್ತದೆ, ನಿಜ. ಆದರೆ ಕೊಲೆಸ್ಟರಾಲ್ ಅಳೆಯುವ ಎಳೆ ಇದರೊಳಗಿಲ್ಲ.

ಏರೋದೇ ತಪ್ಪು ಅನ್ನುವ ಭಯವೂ ಈ ಆ್ಯಪ್‌ಗಳು ಹುಟ್ಟಿಸಿದ್ದು. ಶುಗರ್ ಇಲ್ಲದ 153 ಜನರಿಗೆ ಸೆನ್ಸರ್ ಹಾಕಿ ಅಮೆರಿಕದಲ್ಲಿ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಆರೋಗ್ಯವಾಗಿರುವವರ ಶುಗರ್ ಕೂಡ ದಿನಕ್ಕೆ ಸುಮಾರು ಅರ್ಧ ಗಂಟೆ 140ರ ಮೇಲೆ ಇತ್ತು, ಸುಮಾರು ಕಾಲು ಗಂಟೆ 70ರ ಕೆಳಗೆ. ಊಟ ಮಾಡಿದರೆ ಶುಗರ್ ಏರಲೇಬೇಕು, ಏರಿ ಇಳಿಯಬೇಕು. ನಾನು ನೋಡಬೇಕಿದ್ದು ಎಷ್ಟು ಎತ್ತರಕ್ಕೆ ಹೋಯಿತು ಅನ್ನೋದಕ್ಕಿಂತ, ಎಷ್ಟು ಹೊತ್ತು ಮೇಲೇ ಕೂತಿತ್ತು ಅನ್ನೋದನ್ನು. ನಮ್ಮ ಡಾಕ್ಟರ್ ಗ್ರಾಫ್ ನೋಡಿದಾಗ ಬೆರಳಿಟ್ಟು ತೋರಿಸಿದ್ದೂ ಅದನ್ನೇ. ಅನ್ನದ ದಿನ ಎರಡು ಗಂಟೆ ಕಳೆದರೂ 150ರ ಮೇಲೇ ಇದ್ದ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದರು.

ಹಾಗಾದರೆ ಇದು ದಂಡವಾ? ಇಲ್ಲ. ಒಂದೊಂದು ನಂಬರನ್ನು ನಂಬಬೇಡಿ ಅಂದೆ, ಮತ್ತೆ ಮತ್ತೆ ಒಂದೇ ದಿಕ್ಕಿಗೆ ತೋರಿಸಿದ್ದನ್ನು ನಂಬಬಹುದು. ನನ್ನಲ್ಲಿ ಹೀಗೆ ನಿಂತವು ಕೆಲವೇ ಕೆಲವು, ಅವೂ ಹೊಸದೇನಲ್ಲ, ಬೇರೆ ಕಡೆ ಸಂಶೋಧನೆಯಲ್ಲಿ ಆಗಲೇ ಬಂದಿರುವವು.

ಮೊದಲನೆಯದು ಊಟದ ಕ್ರಮ. ನ್ಯೂಯಾರ್ಕ್‌ನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಲ್ಪನಾ ಶುಕ್ಲಾ ಮತ್ತು ಜೊತೆಯವರು 2015ರಲ್ಲಿ ಶುಗರ್ ಇರುವ 11 ಜನರಿಗೆ ಒಂದೇ ಊಟವನ್ನು ಎರಡು ಥರ ಕೊಟ್ಟರು. ತರಕಾರಿ, ಪ್ರೋಟೀನು ಮೊದಲು ತಿಂದು ಬ್ರೆಡ್ಡು, ಜ್ಯೂಸು ಆಮೇಲೆ ತಗೊಂಡ ದಿನ, ಒಂದು ಗಂಟೆಯ ಹೊತ್ತಿಗೆ ಶುಗರ್ ಶೇಕಡಾ 37ರಷ್ಟು ಕಡಿಮೆ ಇತ್ತು. ಹನ್ನೊಂದೇ ಜನ, ಚಿಕ್ಕ ಅಧ್ಯಯನ, ಅದನ್ನು ಮರೆಯೋದು ಬೇಡ. ಆದರೆ ಮಾಡಿ ನೋಡಲು ಖರ್ಚೇನಿದೆ? ನಾನು ಹೆಸರುಬೇಳೆ ಕೋಸಂಬರಿ, ಪಲ್ಯ ಒಂದು ಬಟ್ಟಲು ಮುಗಿಸಿ, ಆಮೇಲೆ ಅನ್ನ ಹುಳಿಗೆ ಕೈ ಹಾಕಿದ ದಿನಗಳಲ್ಲೆಲ್ಲ ಗೆರೆಯ ಗುಡ್ಡ ತಗ್ಗಾಗಿತ್ತು. ಬಾಳೆ ಎಲೆ ಊಟದಲ್ಲಿ ಕೋಸಂಬರಿ ಪಲ್ಯ ಮೊದಲು ಬರುತ್ತದಲ್ಲ, ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು ಅಂತ ಶುರು ಮಾಡಬೇಡಿ. ಎಷ್ಟೋ ಮನೆಗಳಲ್ಲಿ ಎಲೆ ತುದಿಗೆ ಪಾಯಸವನ್ನೂ ಮೊದಲೇ ಬಡಿಸುತ್ತಾರೆ.

ಎರಡನೆಯದು ಊಟ ಆದ ಮೇಲಿನ ನಡಿಗೆ. ಐರ್ಲೆಂಡ್‌ನ ಲಿಮರಿಕ್ ವಿಶ್ವವಿದ್ಯಾಲಯದವರು 2022ರಲ್ಲಿ ಏಳು ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ, ಕೂತಲ್ಲಿಂದ ಆಗಾಗ ಎದ್ದು ಎರಡರಿಂದ ಐದು ನಿಮಿಷ ಮೆಲ್ಲಗೆ ನಡೆದರೂ ಊಟದ ನಂತರದ ಶುಗರ್ ಇಳಿಯುತ್ತದೆ ಅಂತ ಬಂತು. ಕಾಲಿನ ಮಾಂಸಖಂಡ ಕೆಲಸ ಮಾಡುವಾಗ ಇನ್ಸುಲಿನ್‌ಗೆ ಕಾಯದೆ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ, ಅದೇ ಗುಟ್ಟು. ಸೆನ್ಸರ್ ಹಾಕಿಕೊಂಡು ಇದನ್ನು ನೋಡುವ ಮಜಾನೇ ಬೇರೆ. ಮಧ್ಯಾಹ್ನ ಊಟ ಆಗಿ ಗೆರೆ ಏರುತ್ತಿರುವಾಗ ಆಫೀಸಿನ ಮೆಟ್ಟಿಲು ಹತ್ತಿ ಇಳಿದು, ಹೊರಗೆ ಒಂದು ಸುತ್ತು ಬಂದು ಫೋನ್ ನೋಡಿದರೆ ಗೆರೆ ಮಡಚಿಕೊಂಡು ಕೆಳಗೆ ಬರುತ್ತಿರುತ್ತದೆ. ಪ್ರತಿ ಸಲ ಅಲ್ಲ, ಬಹಳ ಸಲ. ಇದನ್ನು ಕಣ್ಣಾರೆ ನೋಡಿದ ಮೇಲೆ ಊಟ ಆಗಿ ಕೂತಲ್ಲೇ ಕೂರೋಕೆ ಮನಸ್ಸು ಬರಲ್ಲ. ಐದು ಸಾವಿರದಲ್ಲಿ ಮುಕ್ಕಾಲು ಪಾಲು ಇದಕ್ಕೇ ವಸೂಲಾಯಿತು ಅಂತ ನನ್ನ ಲೆಕ್ಕ.

ನಿದ್ದೆಯದ್ದೂ ಸ್ಪಷ್ಟವಾಗಿ ಕಂಡಿತು. ಷಿಕಾಗೋ ವಿಶ್ವವಿದ್ಯಾಲಯದವರು 1999ರಲ್ಲೇ 11 ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ, ಶುಗರ್ ಅರಗಿಸುವ ಶಕ್ತಿ ಹೇಗೆ ಕುಗ್ಗುತ್ತದೆ ಅಂತ ತೋರಿಸಿದ್ದರು. ಮದುವೆ ಮನೆಯಲ್ಲಿ ನಿದ್ದೆಗೆಟ್ಟು ಬಂದ ಮಾರನೇ ದಿನ ನನ್ನ ಗೆರೆ ಬೆಳಿಗ್ಗೆಯಿಂದಲೇ ಎತ್ತರದಲ್ಲಿತ್ತು. ಅಲ್ಲಿ ತಿಂದ ಒಬ್ಬಟ್ಟಿನ ಪಾಲೂ ಇರಬಹುದು, ಬೇಡ ಬಿಡಿ. ಇನ್ನೊಂದು ವಿಷಯ, ಬೆಳಗಿನ ಜಾವ ಏನೂ ತಿನ್ನದಿದ್ದರೂ ಶುಗರ್ ಮೆಲ್ಲಗೆ ಏರುತ್ತದೆ. ಎಚ್ಚರವಾಗುವ ಹೊತ್ತಿಗೆ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಲಿವರ್‌ನಿಂದ ಗ್ಲೂಕೋಸ್ ಬಿಡಿಸುತ್ತವೆ. ಅದಕ್ಕೆ ಹೆದರಿ ರಾತ್ರಿ ಊಟ ಬಿಡಬೇಡಿ.

ತಂಗಳನ್ನದ ಬಗ್ಗೆ ಬಹಳ ಜನ ಕೇಳಿದರು. ಅನ್ನ ಬೇಯಿಸಿ ತಣ್ಣಗೆ ಮಾಡಿದರೆ ಅದರ ಪಿಷ್ಟದಲ್ಲಿ ಒಂದಷ್ಟು ಗಟ್ಟಿ ಕಟ್ಟಿಕೊಂಡು ಸುಲಭಕ್ಕೆ ಜೀರ್ಣವಾಗಲ್ಲ, ಹಾಗಾಗಿ ಶುಗರ್ ಕಡಿಮೆ ಏರುತ್ತದೆ. ಇಂಡೋನೇಷ್ಯಾದಲ್ಲಿ 2015ರಲ್ಲಿ ಅಳೆದಿದ್ದಾರೆ. ಬಿಸಿ ಅನ್ನದ 100 ಗ್ರಾಂನಲ್ಲಿ ಇಂಥ ಪಿಷ್ಟ 0.64 ಗ್ರಾಂ, ಒಂದು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಬಿಸಿ ಮಾಡಿದ್ದರಲ್ಲಿ 1.65 ಗ್ರಾಂ. ಜಾಸ್ತಿಯಾಗಿದೆ ನಿಜ, ಆದರೂ 100 ಗ್ರಾಂನಲ್ಲಿ ಒಂದು ಗ್ರಾಂ ವ್ಯತ್ಯಾಸ ಅಷ್ಟೇ. ಇದನ್ನು ನೆಚ್ಚಿಕೊಂಡು ಚಿತ್ರಾನ್ನ ಎರಡು ತಟ್ಟೆ ಹಾಕಿಕೊಳ್ಳೋದು ತರವಲ್ಲ. ನನ್ನ ಗ್ರಾಫ್‌ನಲ್ಲಿ ಇದು ಒಂದು ದಿನ ಕಂಡರೆ ಇನ್ನೊಂದು ದಿನ ಕಾಣಲಿಲ್ಲ. ಮತ್ತೆ, ಮಿಕ್ಕ ಅನ್ನವನ್ನು ರಾತ್ರಿಯಿಡೀ ಹೊರಗೇ ಬಿಡಬೇಡಿ, ಆರಿದ ಕೂಡಲೇ ಫ್ರಿಜ್‌ಗೆ ಹಾಕಿ. ಬೆಂದ ಅನ್ನದಲ್ಲೂ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಇವೆ, ಹೊಟ್ಟೆ ಕೆಡಿಸುತ್ತವೆ.

ಈಗ ಪ್ಯಾಕೇಜ್ ವಿಷಯ. ಸೆನ್ಸರ್ ಮೆಡಿಕಲ್ ಶಾಪ್‌ನಲ್ಲಿ ಬಿಡಿಯಾಗಿ ಸಿಗುತ್ತದೆ. ನಾನು ಮೊದಲು ಕೊಂಡಿದ್ದು ಆ್ಯಪ್ ಮತ್ತು ಡಯಟ್ ಕೋಚ್ ಸೇರಿಸಿ ಮಾರುವ ಒಂದು ಕಂಪನಿಯಿಂದ. ಬಿಡಿ ಬೆಲೆಗಿಂತ ಸಾಕಷ್ಟು ಜಾಸ್ತಿ. ಕೋಚ್ ಹುಡುಗಿ ಮಾತಿನಲ್ಲಿ ಒಳ್ಳೆಯವಳೇ, ಪಾಪ, ಆದರೆ ಅವಳ ಪಟ್ಟಿಯಲ್ಲಿ ಇದ್ದಿದ್ದು ಕೀನ್ವಾ, ಅವಕಾಡೊ, ಬಾದಾಮಿ ಹಾಲು. ಹುರುಳಿಕಾಳು ಬಸ್ಸಾರು ಅಂದರೆ ಏನು ಅಂತ ನಾನೇ ವಿವರಿಸಬೇಕಾಯಿತು. ಆ್ಯಪ್‌ನಲ್ಲಿ ಅಕ್ಕಿ ರೊಟ್ಟಿ ಹುಡುಕಿದರೆ ಗೋಧಿ ರೊಟ್ಟಿ ಬರುತ್ತದೆ, ಉಪ್ಸಾರು ಹುಡುಕಿದರೆ ಏನೂ ಬರಲ್ಲ. ಸೆನ್ಸರ್ ಅವಧಿ ಮುಗಿಯುವ ಮೊದಲೇ ಮುಂದಿನದ್ದಕ್ಕೆ ದುಡ್ಡು ಕಟ್ಟಿ ಅಂತ ಫೋನ್ ಶುರು. "ಮೇಡಂ, ನಿಮ್ಮ ಸ್ಕೋರ್ ಬಿದ್ದಿದೆ" ಅಂತ ಹೆದರಿಸುವ ಮೆಸೇಜು ಬೇರೆ. ಸ್ಕೋರ್ ಹೇಗೆ ಲೆಕ್ಕ ಹಾಕುತ್ತೀರಿ ಅಂತ ಕೇಳಿದ್ದಕ್ಕೆ ಕೊನೆಯವರೆಗೂ ಸರಿಯಾದ ಉತ್ತರ ಬರಲಿಲ್ಲ. ಬಿಡಿ ಸೆನ್ಸರ್ ಕೊಂಡು, ತಯಾರಿಸಿದ ಕಂಪನಿಯದೇ ಆ್ಯಪ್ ಬಳಸಿ, ಗ್ರಾಫ್ ತಗೊಂಡು ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ಅಷ್ಟು ಸಾಕು.

ಯಾರಿಗೆ ಮತ್ತೆ ಮತ್ತೆ ಬೇಕು? ಇನ್ಸುಲಿನ್ ತಗೊಳ್ಳುವವರಿಗೆ. ಅವರ ವಿಷಯದಲ್ಲಿ ಆಧಾರ ಗಟ್ಟಿಯಾಗಿದೆ. ದಿನಕ್ಕೆ ಒಂದೋ ಎರಡೋ ಸಲ ದೀರ್ಘ ಪರಿಣಾಮದ ಇನ್ಸುಲಿನ್ ತಗೊಳ್ಳುವಂಥ ಟೈಪ್ 2 ಶುಗರಿನ 175 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಎಂಟು ತಿಂಗಳಲ್ಲಿ ಸೆನ್ಸರ್ ಹಾಕಿದವರ ಎಚ್‌ಬಿಎ1ಸಿ 9.1ರಿಂದ 8.0ಕ್ಕೆ ಇಳಿಯಿತು, ಬೆರಳು ಚುಚ್ಚಿಕೊಂಡವರದು 9.0ರಿಂದ 8.4ಕ್ಕೆ. ಟೈಪ್ 1 ಇರುವ ಮಕ್ಕಳ ಅಪ್ಪ ಅಮ್ಮಂದಿರಿಗಂತೂ ರಾತ್ರಿ ನೆಮ್ಮದಿಯಾಗಿ ಮಲಗಲು ಇದೇ ಆಸರೆ, ಅವರಿಗೆ ಇದು ಇನ್ನೂ ಅಗ್ಗಕ್ಕೆ ಸಿಗಬೇಕು.

ನಮ್ಮಂಥ ಬಾರ್ಡರ್‌ಲೈನ್‌ನವರಿಗೆ ಶುಗರ್ ಬರದಂತೆ ತಡೆಯೋದು ಹೇಗೆ ಅನ್ನೋದಕ್ಕೆ ಉತ್ತರ ಸೆನ್ಸರ್ ಬರುವ ಮೊದಲೇ ಚೆನ್ನೈಯಿಂದ ಬಂದಿದೆ. ಡಾ. ಎ. ರಾಮಚಂದ್ರನ್ ತಂಡ 531 ಜನರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಸರಿಮಾಡಿಕೊಂಡವರಲ್ಲಿ ಶುಗರ್ ಬರುವ ಅಪಾಯ ಶೇಕಡಾ 28.5 ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದ ಆದ ಲಾಭವೂ ಹತ್ತಿರ ಹತ್ತಿರ ಅಷ್ಟೇ, 26.4. ಅವರ್ಯಾರ ತೋಳಿಗೂ ಬಿಲ್ಲೆ ಇರಲಿಲ್ಲ.

ಚರ್ಮ ಚುಚ್ಚದೇ ಶುಗರ್ ಹೇಳುತ್ತೇವೆ ಅನ್ನುವ ವಾಚು, ಉಂಗುರ ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆಲ್ಲ ಕಾಣುತ್ತವೆ. ಅವನ್ನು ಮುಟ್ಟಲೇಬೇಡಿ. ಅಂಥ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಅದನ್ನು ನಂಬಿ ಯಾರಾದರೂ ಇನ್ಸುಲಿನ್ ಪ್ರಮಾಣ ಬದಲಿಸಿದರೆ ಪ್ರಾಣಕ್ಕೇ ಕುತ್ತು. ಅದೇ ವರ್ಷ ಚರ್ಮದೊಳಗೆ ಎಳೆ ಇರುವ ಸೆನ್ಸರ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಲು ಅಲ್ಲಿ ಮೊದಲ ಸಲ ಒಪ್ಪಿಗೆ ಸಿಕ್ಕಿತು. ಎರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುವವರು ಜಾಸ್ತಿ.

ಕೊಳ್ಳೋದೇ ಆದರೆ ಇಷ್ಟು ನೋಡಿಕೊಳ್ಳಿ. ಎಕ್ಸ್‌ಪೈರಿ ದಿನಾಂಕ ನೋಡಿ, ನಿಮ್ಮ ಫೋನ್ ಮಾಡೆಲ್‌ಗೆ ಆ್ಯಪ್ ಹೊಂದುತ್ತಾ ಅಂತ ಕೊಳ್ಳುವ ಮೊದಲೇ ಪರೀಕ್ಷಿಸಿ. ವಿಟಮಿನ್ ಸಿ ಮಾತ್ರೆ ದಿನಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ನುಂಗುತ್ತಿದ್ದರೆ ಕೆಲವು ಸೆನ್ಸರ್‌ಗಳು ಇಲ್ಲದ ಶುಗರ್ ತೋರಿಸುತ್ತವೆ, ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಸ್ಕ್ಯಾನಿಂಗ್ ಇದ್ದರೆ, ಅದರಲ್ಲೂ ಎಂಆರ್‌ಐ ಇದ್ದರೆ, ಮುಂಚೆಯೇ ಅಲ್ಲಿನವರಿಗೆ ತಿಳಿಸಿ. ಮನೆಯಲ್ಲಿ ಒಂದು ಸಾದಾ ಗ್ಲೂಕೋಮೀಟರ್ ಇರಲೇಬೇಕು. ನಂಬರ್ ವಿಚಿತ್ರ ಅನ್ನಿಸಿದಾಗ ಅದೇ ಕೋರ್ಟು. ಸೆನ್ಸರ್ ಅವಧಿಗೆ ಮೊದಲೇ ಬಿದ್ದುಹೋದರೆ ಅಥವಾ ಕೈಕೊಟ್ಟರೆ ತಯಾರಿಸಿದ ಕಂಪನಿಯವರು ಬದಲಿ ಕೊಡುವ ವ್ಯವಸ್ಥೆ ಇರುತ್ತದೆ, ಆದರೆ ಸೀರಿಯಲ್ ನಂಬರ್ ಕೇಳುತ್ತಾರೆ, ಆದ್ದರಿಂದ ಡಬ್ಬಿ, ಬಿಲ್ಲು ಎರಡನ್ನೂ ಕೊನೆಯವರೆಗೆ ಇಟ್ಟುಕೊಂಡಿರಿ. ಕೀಳುವಾಗ ಅಂಟಿನ ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಚರ್ಮ ಎಳೆಯದೇ ಬಿಡುತ್ತದೆ.

ಐದಕ್ಕೆ ಎಷ್ಟು ಸ್ಟಾರ್ ಅಂತ ಕೇಳಿದರೆ, ಸೆನ್ಸರ್‌ಗೆ ಮೂರೂವರೆ. ಪ್ಯಾಕೇಜ್‌ಗೆ ಒಂದು, ಅದೂ ಕೋಚ್ ಹುಡುಗಿಯ ತಾಳ್ಮೆಗೆ.